ಸೋಲುವ ಕೋಚ್‌ಗೆ ಏನು ತಿಳಿದಿರುವುದಿಲ್ಲ?

ಬಾಸ್ಕೆಟ್‌ಬಾಲ್ ಆಟವನ್ನು ಕಂಡುಹಿಡಿದವರು ಯಾರೆಂದು ನಿಮ್ಮ ಮನೆಯ ಮಕ್ಕಳಲ್ಲಿ ಕೇಳಿ ನೋಡಿ. ಸಾಮಾನ್ಯ ಜ್ಞಾನದ ಪುಸ್ತಕ ಓದುವ ಅಭ್ಯಾಸವಿರುವವರು ಜೇಮ್ಸ್ ನೈಸ್ಮಿತ್ ಎಂದು ಹೇಳಿಯಾರು. 1891ರ ಡಿಸೆಂಬರ್ ತಿಂಗಳಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ, ಚಳಿಯಿಂದಾಗಿ ಹೊರಗೆ ಆಡಲಾಗದ ಯುವಕರಿಗಾಗಿ ಅವರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿ, 13 ನಿಯಮಗಳನ್ನು ಬರೆದು ಈ ಆಟವನ್ನು ಆರಂಭಿಸಿದರು. ಬಳಿಕ ಅವರೇ ಕನ್ಸಾಸ್ ವಿಶ್ವವಿದ್ಯಾಲಯದ ತಂಡಕ್ಕೆ ಕೋಚ್ ಆದರು. ಫಲಿತಾಂಶವೇನಾಯಿತು ಗೊತ್ತೇ? ಅವರ ತಂಡ 55 ಪಂದ್ಯಗಳನ್ನು ಗೆದ್ದಿತು, 60 ಪಂದ್ಯಗಳನ್ನು ಸೋತಿತು. ಆ ವಿಶ್ವವಿದ್ಯಾಲಯದ ಪುರುಷರ ತಂಡದ ಇತಿಹಾಸದಲ್ಲಿ, ಗೆದ್ದದ್ದಕ್ಕಿಂತ ಹೆಚ್ಚು ಸೋತ ಏಕೈಕ ಕೋಚ್ ಎಂದರೆ ಆ ಆಟವನ್ನು ಹುಟ್ಟುಹಾಕಿದವರೇ!

ಒಂದು ವಿದ್ಯೆಯನ್ನು ಬಲ್ಲವರೆಲ್ಲ ಅದನ್ನು ಇನ್ನೊಬ್ಬರಿಂದ ಮಾಡಿಸಬಲ್ಲವರಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೇ?

ಕುಟುಂಬ ಮಾಸಿಕದಲ್ಲಿ ಬಾಸ್ಕೆಟ್‌ಬಾಲ್ ಕೋಚ್‌ಗಳ ಮಾತೇಕೆ ಎಂದು ನೀವು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಓದಿ. ಕೋಚ್ ಎಂದರೆ ಸ್ವತಃ ಚೆಂಡು ಮುಟ್ಟಲಾಗದವನು. ಆಡುವವರು ಬೇರೆಯವರು. ಆತ ಮಾಡಬಹುದಾದುದು ಹೇಳುವುದು, ತಿದ್ದುವುದು, ಕಾಯುವುದು ಮಾತ್ರ. ತಂದೆ ತಾಯಿಯರ, ಅಧ್ಯಾಪಕರ ಪಾಡೂ ಇದೇ ತಾನೇ? ಮಗನ ಪರೀಕ್ಷೆಯನ್ನು ನೀವು ಬರೆಯಲಾರಿರಿ. ಮಗಳ ಸಂಸಾರವನ್ನು ನೀವು ನಡೆಸಲಾರಿರಿ. ಆದ್ದರಿಂದ ಕೋಚ್ ಎಲ್ಲಿ ಸೋಲುತ್ತಾನೆ ಎಂದು ತಿಳಿಯುವುದರಲ್ಲಿ ನಮಗೂ ಲಾಭವಿದೆ.

ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಸಂಘಟನೆಯನ್ನು ಎನ್‌ಬಿಎ ಎನ್ನುತ್ತಾರೆ. ಅದರಲ್ಲಿ 30 ತಂಡಗಳಿವೆ. ಒಂದೊಂದು ತಂಡ ಒಂದು ಸೀಸನ್‌ನಲ್ಲಿ 82 ಪಂದ್ಯಗಳನ್ನು ಆಡುತ್ತದೆ. ಕೊನೆಗೆ ಚಾಂಪಿಯನ್ ಆಗುವುದು ಒಂದೇ ತಂಡ. ಅಂದರೆ ಪ್ರತಿ ವರ್ಷ 29 ಕೋಚ್‌ಗಳು ಸೋತೇ ಮನೆಗೆ ಹೋಗುತ್ತಾರೆ. ಅವರೆಲ್ಲರೂ ಅಯೋಗ್ಯರೆಂದು ಹೇಳಲಾಗುತ್ತದೆಯೇ? ಖಂಡಿತ ಇಲ್ಲ. ಆದ್ದರಿಂದ ಮೊದಲು ಸೋಲು ಯಾವುದು, ವೈಫಲ್ಯ ಯಾವುದು ಎಂದು ಬೇರ್ಪಡಿಸಿ ನೋಡಬೇಕು.

ಟಿಮ್ ಫ್ಲಾಯ್ಡ್ ಎಂಬವರು 1998ರಲ್ಲಿ ಚಿಕಾಗೋ ಬುಲ್ಸ್ ತಂಡದ ಕೋಚ್ ಆದರು. ಆ ತಂಡ ಅದಕ್ಕಿಂತ ಮೊದಲಿನ ಎಂಟು ವರ್ಷಗಳಲ್ಲಿ ಆರು ಬಾರಿ ಚಾಂಪಿಯನ್ ಆಗಿತ್ತು. ಆದರೆ ಫ್ಲಾಯ್ಡ್ ಬರುವ ಹೊತ್ತಿಗೆ ಮನೆ ಖಾಲಿಯಾಗಿತ್ತು. ಮೈಕಲ್ ಜೋರ್ಡನ್ ನಿವೃತ್ತರಾದರು. ಪಿಪ್ಪೆನ್ ಬೇರೆ ತಂಡಕ್ಕೆ ಹೋದರು. ರಾಡ್‌ಮನ್ ಕೂಡಾ ಉಳಿಯಲಿಲ್ಲ. 2001ರ ಡಿಸೆಂಬರ್‌ನಲ್ಲಿ ಫ್ಲಾಯ್ಡ್ ಹುದ್ದೆ ಬಿಡುವಾಗ ಅವರ ಲೆಕ್ಕದಲ್ಲಿ 49 ಗೆಲುವು, 190 ಸೋಲುಗಳಿದ್ದವು. ಒಲೆಯಲ್ಲಿ ಕಟ್ಟಿಗೆಯೇ ಇಲ್ಲದಿರುವಾಗ ಅಡುಗೆ ಬೇಯಲಿಲ್ಲವೆಂದು ಸೊಸೆಯನ್ನು ಬೈದಂತಾಯಿತು ಇದು.

ಇನ್ನೊಂದು ಉದಾಹರಣೆ ನೋಡಿ. ಮೈಕಲ್ ಮಲೋನ್ ಎಂಬವರು ಸ್ಯಾಕ್ರಮೆಂಟೊ ಕಿಂಗ್ಸ್ ತಂಡದ ಕೋಚ್ ಆಗಿದ್ದರು. ಈ ತಂಡದ ಮಾಲೀಕರಲ್ಲಿ ಪ್ರಮುಖರು ಮುಂಬೈಯಲ್ಲಿ ಹುಟ್ಟಿದ ವಿವೇಕ್ ರಣದಿವೆ. 2014ರ ಡಿಸೆಂಬರ್‌ನಲ್ಲಿ, ಸೀಸನ್‌ನ 24 ಪಂದ್ಯಗಳಾಗುವಷ್ಟರಲ್ಲಿ ಮಲೋನ್‌ರನ್ನು ತೆಗೆದುಹಾಕಲಾಯಿತು. ತಂಡದ ಮುಖ್ಯ ಆಟಗಾರ ಆಗ ಕಾಯಿಲೆ ಬಿದ್ದಿದ್ದ. 2015ರಲ್ಲಿ ಡೆನ್ವರ್ ನಗರದ ತಂಡ ಅದೇ ಮಲೋನ್‌ರನ್ನು ಕರೆಯಿತು. ಮೊದಲ ಮೂರು ವರ್ಷ ಆ ತಂಡ ಅಂತಿಮ ಸುತ್ತಿನ ಪಂದ್ಯಗಳಿಗೆ ಅರ್ಹತೆಯನ್ನೇ ಪಡೆಯಲಿಲ್ಲ. ಆದರೂ ಮಾಲೀಕರು ಕಾದರು. 2023ರಲ್ಲಿ ಆ ತಂಡ ತನ್ನ ಎನ್‌ಬಿಎ ಇತಿಹಾಸದಲ್ಲೇ ಮೊದಲ ಬಾರಿಗೆ ಚಾಂಪಿಯನ್ ಆಯಿತು. ಇತ್ತ ಕೋಚ್‌ಗಳನ್ನು ಬದಲಾಯಿಸುತ್ತಲೇ ಇದ್ದ ಸ್ಯಾಕ್ರಮೆಂಟೊ ತಂಡ, 2007ರಿಂದ 2022ರವರೆಗೆ ಸತತ 16 ಸೀಸನ್‌ಗಳಲ್ಲಿ ಅಂತಿಮ ಸುತ್ತು ಕಾಣಲಿಲ್ಲ. ಹಾಗೆಂದು ಡೆನ್ವರ್‌ನ ತಾಳ್ಮೆಯೂ ಶಾಶ್ವತವಾಗಿರಲಿಲ್ಲ. 2025ರ ಏಪ್ರಿಲ್‌ನಲ್ಲಿ, ಸೀಸನ್ ಮುಗಿಯಲು ಮೂರೇ ಪಂದ್ಯಗಳಿರುವಾಗ, ಚಾಂಪಿಯನ್‌ಶಿಪ್ ತಂದುಕೊಟ್ಟ ಕೋಚ್‌ನನ್ನು ಅವರೂ ಮನೆಗೆ ಕಳಿಸಿದರು. 15 ಮಂದಿ ಆಟಗಾರರನ್ನು ಬದಲಾಯಿಸುವುದಕ್ಕಿಂತ ಒಬ್ಬ ಕೋಚ್‌ನನ್ನು ಬದಲಾಯಿಸುವುದು ಸುಲಭ. ಈ ವೃತ್ತಿಯ ನ್ಯಾಯ ಅಷ್ಟೇ.

ಹಾಗಾದರೆ ನಿಜವಾದ ವೈಫಲ್ಯ ಯಾವುದು? ಕೈಯಲ್ಲಿ ಕಟ್ಟಿಗೆಯೂ ಇದೆ, ಬೆಂಕಿಯೂ ಇದೆ, ಆದರೂ ಅಡುಗೆ ಹಾಳಾಗುತ್ತದೆ. ಅಂಥ ಕೋಚ್‌ಗಳ ಬಗ್ಗೆ ನಾವು ಯೋಚಿಸಬೇಕು.

ಮ್ಯಾಜಿಕ್ ಜಾನ್ಸನ್ ಆಟಗಾರನಾಗಿ ಲಾಸ್ ಏಂಜಲೀಸ್ ಲೇಕರ್ಸ್ ತಂಡಕ್ಕೆ ಐದು ಚಾಂಪಿಯನ್‌ಶಿಪ್ ಗಳಿಸಿಕೊಟ್ಟವರು. 1994ರ ಮಾರ್ಚ್‌ನಲ್ಲಿ ಅದೇ ತಂಡದ ಕೋಚ್ ಆಗಿ ಬಂದರು. ಮೊದಲ ಆರು ಪಂದ್ಯಗಳಲ್ಲಿ ಐದನ್ನು ಗೆದ್ದರು. ಊರಿಗೆ ಊರೇ ಸಂಭ್ರಮಿಸಿತು. ಅನಂತರದ ಹತ್ತು ಪಂದ್ಯಗಳನ್ನು ಸಾಲಾಗಿ ಸೋತರು. ಅಲ್ಲಿಗೆ ಅವರ ಕೋಚ್ ವೃತ್ತಿ ಮುಗಿಯಿತು. ಒಟ್ಟು 16 ಪಂದ್ಯಗಳು. ಮಹಾನ್ ಆಟಗಾರರಿಗೆ ಈ ಕಷ್ಟ ಹೆಚ್ಚು. ತನಗೆ ಸಲೀಸಾಗಿ ಬಂದದ್ದು ಇನ್ನೊಬ್ಬನಿಗೆ ಯಾಕೆ ಬರುವುದಿಲ್ಲ ಎಂದು ಅವರಿಗೆ ಅರ್ಥವಾಗುವುದು ಸುಲಭವಲ್ಲ. ತರಗತಿಯಲ್ಲಿ ಯಾವಾಗಲೂ ಮೊದಲಿಗರಾಗಿದ್ದವರು ಅಧ್ಯಾಪಕರಾದಾಗ, ಕೊನೆಯ ಬೆಂಚಿನ ಮಗುವಿನ ಮೇಲೆ ಸಿಡುಕುವುದನ್ನು ನೀವೂ ಕಂಡಿರಬಹುದು.

ಎರಡನೆಯ ಗುಂಪು ಕಾಲೇಜು ತಂಡಗಳಲ್ಲಿ ಹೆಸರು ಮಾಡಿ ವೃತ್ತಿಪರ ತಂಡಕ್ಕೆ ಬಂದವರದು. ಅಮೆರಿಕದಲ್ಲಿ ಕಾಲೇಜು ಕೋಚ್ ಎಂದರೆ ಒಬ್ಬ ಪುಟ್ಟ ರಾಜ. ಆತನ ಕೆಳಗಿರುವವರು 18ರಿಂದ 22 ವರ್ಷದ ಹುಡುಗರು. ಅವರ ವಿದ್ಯಾರ್ಥಿವೇತನ, ಆಡುವ ಅವಕಾಶ, ಮುಂದಿನ ಬದುಕು ಎಲ್ಲವೂ ಆತನ ಮಾತಿನ ಮೇಲೆ ನಿಂತಿರುತ್ತಿತ್ತು. ಆತ ಗುಡುಗಿದರೆ ಅವರು ನಡುಗುತ್ತಿದ್ದರು. ವೃತ್ತಿಪರ ತಂಡದಲ್ಲಾದರೋ ಎದುರಿಗಿರುವವರು ಬೆಳೆದ ಗಂಡಸರು, ಮಕ್ಕಳೊಂದಿಗರು. ಹಲವರ ಸಂಬಳ ಕೋಚ್‌ನ ಸಂಬಳಕ್ಕಿಂತ ಹೆಚ್ಚು. ಒಪ್ಪಂದದ ಹಣ ಅವರಿಗೆ ಹೇಗಿದ್ದರೂ ಬರುತ್ತದೆ. ಕಾಲೇಜಿನಲ್ಲಿ ವರ್ಷಕ್ಕೆ 30-35 ಪಂದ್ಯ, ಇಲ್ಲಿ 82. ಒಂದೇ ಬೈಗುಳ, ಒಂದೇ ಉಪದೇಶವನ್ನು 82 ಬಾರಿ ಕೇಳಿದರೆ ಯಾರ ಕಿವಿ ತಾನೇ ಮುಚ್ಚಿಕೊಳ್ಳುವುದಿಲ್ಲ?

ರಿಕ್ ಪಿಟಿನೊ ಎಂಬವರ ಕಥೆ ಇದಕ್ಕೆ ಕನ್ನಡಿ. 1996ರಲ್ಲಿ ಕೆಂಟಕಿ ವಿಶ್ವವಿದ್ಯಾಲಯದ ತಂಡವನ್ನು ಅವರು ರಾಷ್ಟ್ರೀಯ ಚಾಂಪಿಯನ್ ಮಾಡಿದರು. ಅದಕ್ಕೂ ಮೊದಲು ನ್ಯೂಯಾರ್ಕ್‌ನ ವೃತ್ತಿಪರ ತಂಡವನ್ನು ಎರಡು ವರ್ಷ ಚೆನ್ನಾಗಿಯೇ ನಡೆಸಿದ್ದರು. ಅಂದರೆ ವಿಷಯ ತಿಳಿಯದವರಲ್ಲ. 1997ರಲ್ಲಿ ಬಾಸ್ಟನ್ ಸೆಲ್ಟಿಕ್ಸ್ ತಂಡ ಅವರನ್ನು ಕೋಟಿಗಟ್ಟಲೆ ಹಣಕೊಟ್ಟು ಕರೆಯಿತು. ಕೋಚ್ ಹುದ್ದೆ ಮಾತ್ರವಲ್ಲ, ಯಾರನ್ನು ಕೊಳ್ಳಬೇಕು, ಯಾರನ್ನು ಬಿಡಬೇಕು ಎಂಬ ಪೂರ್ಣ ಅಧಿಕಾರವನ್ನೂ ಕೊಟ್ಟಿತು. ಆ ತಂಡವನ್ನು ದಶಕಗಳ ಕಾಲ ಬೆಳೆಸಿದ ವೃದ್ಧ ರೆಡ್ ಆರ್ಬಾಕ್‌ರ ಅಧ್ಯಕ್ಷ ಪಟ್ಟವೂ ಪಿಟಿನೊಗೆ ಹೋಯಿತು. ಯಶಸ್ಸು ಎಂಬುದು ನಮ್ಮದೇ ಆಯ್ಕೆ ಎಂಬ ಅರ್ಥದ ಹೆಸರಿನ ಅವರ ಪುಸ್ತಕವೊಂದು ಪ್ರಕಟವಾದದ್ದೂ ಅದೇ ವರ್ಷ.

ಎದುರಾಳಿಯನ್ನು ಅಂಗಳದ ಈ ತುದಿಯಿಂದ ಆ ತುದಿಯವರೆಗೂ ಬೆನ್ನಟ್ಟಿ ಕಾಡುವುದು ಪಿಟಿನೊ ಅವರ ಪದ್ಧತಿ. 40 ನಿಮಿಷದ ಕಾಲೇಜು ಪಂದ್ಯದಲ್ಲಿ ಅದು ನಡೆಯುತ್ತದೆ. 48 ನಿಮಿಷದ 82 ಪಂದ್ಯಗಳಲ್ಲಿ ಕಾಲುಗಳು ಸೋಲುತ್ತವೆ. ಅದಕ್ಕಿಂತ ದೊಡ್ಡ ತೊಂದರೆ ಅವರ ಅವಸರ. ಚಾನ್ಸಿ ಬಿಲಪ್ಸ್ ಎಂಬ ಹೊಸ ಹುಡುಗನನ್ನು ಬಹಳ ಆಸೆಯಿಂದ ಆರಿಸಿಕೊಂಡವರು, 51 ಪಂದ್ಯಗಳಾಗುವಷ್ಟರಲ್ಲಿ ಇವನಿಂದ ಆಗದು ಎಂಬಂತೆ ಬೇರೆ ತಂಡಕ್ಕೆ ಕೊಟ್ಟುಬಿಟ್ಟರು. ಆ ಹುಡುಗ ಊರೂರು ಅಲೆದು ಡೆಟ್ರಾಯಿಟ್ ತಂಡ ಸೇರಿದ. 2004ರಲ್ಲಿ ಅವನ ತಂಡ ಚಾಂಪಿಯನ್ ಆದಾಗ ಫೈನಲ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಅವನಿಗೇ ದೊರೆಯಿತು. ಪಿಟಿನೊ ಅಷ್ಟರಲ್ಲಿ ಬಾಸ್ಟನ್ ಬಿಟ್ಟು ಮೂರು ವರ್ಷ ದಾಟಿತ್ತು. 2001ರ ಜನವರಿಯಲ್ಲಿ ಅವರು ರಾಜೀನಾಮೆ ಕೊಟ್ಟಾಗ ಲೆಕ್ಕ 102 ಗೆಲುವು, 146 ಸೋಲು.

ಮಗುವಿನ ಬಗ್ಗೆ ತೀರ್ಪು ಕೊಡಲು ನಾವು ಎಷ್ಟು ದಿನ ಕಾಯುತ್ತೇವೆ? ಏಳನೇ ತರಗತಿಯ ಅಂಕಪಟ್ಟಿ ಕಂಡು ಇವನು ಉದ್ಧಾರವಾಗುವುದಿಲ್ಲ ಎಂದು ಬಂಧುಗಳ ಮುಂದೆ ಹೇಳಿಬಿಡುವ ತಂದೆಯೂ ಈ ಪಿಟಿನೊನ ಸೋದರನೇ.

ಜಾನ್ ಬೀಲೈನ್ ಎಂಬ ಹಿರಿಯರದ್ದು ಇನ್ನೂ ಕರುಣಾಜನಕ ಕಥೆ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಎಲ್ಲರ ಗೌರವ ಗಳಿಸಿದ್ದ ಅವರು 2019ರಲ್ಲಿ, ತನ್ನ 66ನೇ ವಯಸ್ಸಿನಲ್ಲಿ ಕ್ಲೀವ್‌ಲ್ಯಾಂಡ್‌ನ ವೃತ್ತಿಪರ ತಂಡಕ್ಕೆ ಬಂದರು. ತಮ್ಮನ್ನು ಕಾಲೇಜು ಹುಡುಗರಂತೆ ನಡೆಸಿಕೊಳ್ಳುತ್ತಾರೆ ಎಂದು ಆಟಗಾರರು ಗೊಣಗತೊಡಗಿದ ವರದಿಗಳು ಬಂದವು. 2020ರ ಜನವರಿಯಲ್ಲಿ ಒಂದು ಸಭೆಯಲ್ಲಿ, ಈಗ ನೀವು ಪುಂಡರಂತೆ ಆಡುತ್ತಿಲ್ಲ ಎಂಬರ್ಥದ ಮಾತು ಅವರ ಬಾಯಿಂದ ಬಂತು. ಹೆಚ್ಚಿನ ಆಟಗಾರರು ಕರಿಯ ಜನಾಂಗದವರು. ಅವರ ಮಟ್ಟಿಗೆ ಆ ಪದಕ್ಕೆ ಬಹಳ ನೋವಿನ ಹಿನ್ನೆಲೆಯಿದೆ. ತಾನು ಹೇಳಹೊರಟದ್ದು ಸೋಮಾರಿಗಳು ಎಂಬರ್ಥದ, ಕೇಳಲು ಹಾಗೆಯೇ ಇರುವ ಇನ್ನೊಂದು ಪದ ಎಂದು ಅವರು ಕ್ಷಮೆ ಕೇಳಿದರು. ಇರಬಹುದು. ಆದರೆ ಯೋಚಿಸಿ, ಮೊದಲೇ ಮನಸ್ಸುಗಳು ಹತ್ತಿರವಿದ್ದಿದ್ದರೆ ಒಂದು ತಪ್ಪಿದ ಅಕ್ಷರವನ್ನು ಅವರು ನಕ್ಕು ಬಿಡುತ್ತಿರಲಿಲ್ಲವೇ? ಪ್ರೀತಿಯಿರುವಲ್ಲಿ ತಪ್ಪು ಮಾತೂ ಸರಿಯಾಗಿ ಕೇಳಿಸುತ್ತದೆ. ಪ್ರೀತಿಯಿಲ್ಲದಲ್ಲಿ ಸರಿಯಾದ ಮಾತೂ ಚುಚ್ಚುತ್ತದೆ. ಫೆಬ್ರವರಿಯಲ್ಲಿ, 54 ಪಂದ್ಯಗಳ ಬಳಿಕ ಬೀಲೈನ್ ಹುದ್ದೆ ತೊರೆದರು.

ಇದಕ್ಕಿಂತ ಕೆಟ್ಟದ್ದೂ ನಡೆದಿದೆ. 1997ರ ಡಿಸೆಂಬರ್ 1ರಂದು ಗೋಲ್ಡನ್ ಸ್ಟೇಟ್ ತಂಡದ ಅಭ್ಯಾಸದ ವೇಳೆ, ಲಾಟ್ರೆಲ್ ಸ್ಪ್ರೀವೆಲ್ ಎಂಬ ಆಟಗಾರ ತನ್ನ ಕೋಚ್ ಪಿ.ಜೆ. ಕಾರ್ಲೆಸಿಮೊ ಅವರ ಕುತ್ತಿಗೆಗೇ ಕೈ ಹಾಕಿದ. ಆಟಗಾರನಿಗೆ 68 ಪಂದ್ಯಗಳ ನಿಷೇಧವಾಯಿತು. ಅದು ಆಗಲೇಬೇಕಾಗಿತ್ತು. ಕೋಚ್‌ನ ಮೇಲೆ ಕೈಮಾಡಿದ್ದನ್ನು ಯಾರೂ ಸಮರ್ಥಿಸಲಾರರು. ಆದರೆ ಕಾರ್ಲೆಸಿಮೊ ಹರಿತ ನಾಲಿಗೆಯ ಕೋಚ್ ಎಂದೇ ಹೆಸರಾದವರು. ಅವರೂ ಕಾಲೇಜಿನಿಂದ ಬಂದವರೇ. ಕಾಲೇಜಿನಲ್ಲಿ ಶಿಸ್ತು ಎನಿಸಿಕೊಂಡದ್ದು ಇಲ್ಲಿ ಅವಮಾನ ಎನಿಸಿಕೊಂಡಿತು.

ಹಾಗಾದರೆ ಗೆದ್ದವರು ಗದರಿಸಲೇ ಇಲ್ಲವೇ? ಇಲ್ಲಿ ನಾವು ಆತುರದ ತೀರ್ಮಾನಕ್ಕೆ ಬರಬಾರದು. ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದ ಗ್ರೆಗ್ ಪೊಪೊವಿಚ್ ಅವರಷ್ಟು ಗದರಿಸುವವರು ವಿರಳ. ತಂಡದ ಅತಿ ದೊಡ್ಡ ಆಟಗಾರ ಟಿಮ್ ಡಂಕನ್‌ರನ್ನೂ ಎಲ್ಲರ ಮುಂದೆ ಬೈಯುತ್ತಿದ್ದರು. ಅವರ ಮೊದಲ ಸೀಸನ್ ಕೂಡಾ ಹೀನಾಯವಾಗಿತ್ತು. 1996ರ ಡಿಸೆಂಬರ್‌ನಲ್ಲಿ ಹೊಣೆ ವಹಿಸಿಕೊಂಡು 17 ಪಂದ್ಯ ಗೆದ್ದರು, 47 ಸೋತರು. ಮುಂದಿನ ವರ್ಷ ಹೊಸ ಆಟಗಾರರನ್ನು ಆರಿಸುವ ಸರದಿ ಯಾರಿಗೆ ಮೊದಲು ಎಂದು ಚೀಟಿ ಎತ್ತಿದಾಗ ಅದೃಷ್ಟ ಅವರ ತಂಡಕ್ಕೆ ಒಲಿಯಿತು. ಡಂಕನ್ ಬಂದರು. ಅದೇ ಚೀಟಿಯಲ್ಲಿ ಡಂಕನ್‌ರನ್ನು ಪಡೆಯುವ ಆಸೆ ಬಾಸ್ಟನ್‌ಗೂ ಇತ್ತು. ಯಶಸ್ಸು ಪೂರ್ತಿಯಾಗಿ ನಮ್ಮ ಆಯ್ಕೆಯಲ್ಲ ಎಂಬುದು ಪಿಟಿನೊಗೆ ಅಂದೇ ಗೊತ್ತಾಗಬೇಕಿತ್ತು. ನಾವು ಅದನ್ನು ತೌಫೀಕ್ ಎನ್ನುತ್ತೇವೆ. ಪ್ರಯತ್ನ ನಮ್ಮದು, ಫಲ ಅಲ್ಲಾಹನದ್ದು.

ಆದರೆ ಸಿಕ್ಕಿದ ಭಾಗ್ಯವನ್ನು ಉಳಿಸಿಕೊಳ್ಳುವುದು ಬೇರೆಯೇ ವಿದ್ಯೆ. ಡಂಕನ್ 19 ಸೀಸನ್ ಅದೇ ಕೋಚ್‌ನ ಕೆಳಗೆ ಆಡಿದರು. ಪೊಪೊವಿಚ್ ಐದು ಚಾಂಪಿಯನ್‌ಶಿಪ್ ಗಳಿಸಿದರು. 2025ರಲ್ಲಿ ಕೋಚ್ ಹುದ್ದೆಯಿಂದ ಇಳಿಯುವಾಗ 1,422 ಗೆಲುವುಗಳೊಂದಿಗೆ ಎನ್‌ಬಿಎ ಇತಿಹಾಸದಲ್ಲೇ ಮೊದಲಿಗರಾಗಿದ್ದರು. ಅವರ ಬೈಗುಳವನ್ನು ಆಟಗಾರರು ಸಹಿಸಿದ್ದೇಕೆ? ಅವರೊಂದಿಗೆ ಕುಳಿತು ಊಟ ಮಾಡುತ್ತಿದ್ದರು. ಅವರ ಊರು, ಭಾಷೆ, ಮನೆಯವರ ಬಗ್ಗೆ ಕೇಳುತ್ತಿದ್ದರು. ಬೈದವರೇ ಸಂಜೆ ತಟ್ಟೆಗೆ ಬಡಿಸುತ್ತಿದ್ದರೆ ಬೈಗುಳದ ಅರ್ಥವೇ ಬದಲಾಗುತ್ತದೆ.

2013ರ ಫೈನಲ್‌ನಲ್ಲಿ ಅವರ ತಂಡ ಮಿಯಾಮಿ ವಿರುದ್ಧ ಕಪ್ಪಿನಿಂದ ಕೆಲವೇ ಸೆಕೆಂಡು ದೂರವಿತ್ತು. 28 ಸೆಕೆಂಡು ಉಳಿದಿರುವಾಗ 5 ಅಂಕ ಮುಂದಿದ್ದರು. ಕೊನೆಯ ಕ್ಷಣದಲ್ಲಿ ಡಂಕನ್‌ರನ್ನು ಅಂಗಳದಿಂದ ಹೊರಗೆ ಕೂರಿಸಿದ್ದು ಸ್ವತಃ ಪೊಪೊವಿಚ್. ಆಗಲೇ ರೇ ಅಲನ್ ಎಂಬ ಎದುರಾಳಿ ಚೆಂಡನ್ನು ಬುಟ್ಟಿಗೆ ಹಾಕಿ ಪಂದ್ಯ ಸಮ ಮಾಡಿಬಿಟ್ಟ. ಪಂದ್ಯ ಹೋಯಿತು, ಎರಡು ದಿನಗಳ ಬಳಿಕ ಕಪ್ಪೂ ಹೋಯಿತು. ಆ ಸೋಲಿನ ರಾತ್ರಿ ಗೆಲುವಿನ ಸಂತೋಷಕೂಟಕ್ಕೆಂದು ಹೋಟೆಲಿನಲ್ಲಿ ಮೇಜುಗಳನ್ನು ಕಾದಿರಿಸಿದ್ದರು. ಪೊಪೊವಿಚ್ ಅದನ್ನು ರದ್ದುಮಾಡಲಿಲ್ಲ. ಆಟಗಾರರನ್ನು ಅಲ್ಲಿಗೇ ಕರೆಸಿ, ತಾನು ಮೊದಲೇ ಹೋಗಿ ನಿಂತು, ಬಂದವರನ್ನೆಲ್ಲ ಬರಮಾಡಿಕೊಂಡರು. ಒಬ್ಬರೂ ಒಂಟಿಯಾಗಿ ಕೋಣೆ ಸೇರಿ ಅಳಬಾರದು ಎಂಬುದೇ ಅವರ ಉದ್ದೇಶವಾಗಿತ್ತು. ಮರುವರ್ಷ ಅಭ್ಯಾಸ ಆರಂಭವಾದಾಗ ಆ ಸೋತ ಪಂದ್ಯದ ಚಿತ್ರವನ್ನು ಎಲ್ಲರಿಗೂ ತೋರಿಸಿ ತಪ್ಪುಗಳನ್ನು ಎದುರಿಸುವಂತೆ ಮಾಡಿದರು. 2014ರಲ್ಲಿ ಅದೇ ಮಿಯಾಮಿ ತಂಡವನ್ನು 4-1ರಿಂದ ಸೋಲಿಸಿದರು. ಮೊದಲು ಊಟ, ಆಮೇಲೆ ಪಾಠ. ಈ ಅನುಕ್ರಮವನ್ನು ಗಮನಿಸಿ.

ಈಗ ನಮ್ಮದೇ ಇತಿಹಾಸವನ್ನು ನೆನೆಯೋಣ. ಆಟದೊಂದಿಗೆ ಹೋಲಿಸಲಿಕ್ಕಲ್ಲ, ಪಾಠಕ್ಕಾಗಿ. ಹಿಜರಿ ಮೂರನೇ ವರ್ಷದ ಉಹುದ್ ಯುದ್ಧಕ್ಕೆ ಮೊದಲು ಪ್ರವಾದಿ(ಸ)ರವರು ಸಂಗಾತಿಗಳೊಂದಿಗೆ ಸಮಾಲೋಚಿಸಿದರು. ಮದೀನಾದೊಳಗೇ ಇದ್ದು ಎದುರಿಸುವುದು ಅವರ ಒಲವಾಗಿತ್ತು. ಯುವಕರು ಹೊರಗೆ ಹೋಗಿ ಹೋರಾಡಬೇಕೆಂದರು. ಅವರ ಮಾತಿಗೆ ಪ್ರವಾದಿ(ಸ) ಬೆಲೆ ಕೊಟ್ಟರು. ಗುಡ್ಡದ ಮೇಲೆ 50 ಬಿಲ್ಲುಗಾರರನ್ನು ನಿಲ್ಲಿಸಿ, ಏನೇ ಆದರೂ ಅಲ್ಲಿಂದ ಕದಲಬಾರದೆಂದು ಸ್ಪಷ್ಟವಾಗಿ ಹೇಳಿದರು. ಗೆಲುವು ಕಂಡೊಡನೆ ಅವರಲ್ಲಿ ಹೆಚ್ಚಿನವರು ಜಾಗ ಬಿಟ್ಟರು. ಸುಮಾರು 70 ಮಂದಿ ಹುತಾತ್ಮರಾದರು. ಪ್ರವಾದಿ(ಸ)ರ ಪವಿತ್ರ ಮುಖ ಗಾಯಗೊಂಡಿತು.

ಇಂಥ ಸೋಲಿನ ಬಳಿಕ ಯಾವ ನಾಯಕನಾದರೂ ಏನು ಮಾಡುತ್ತಾನೆ? ಇನ್ನು ನಿಮ್ಮನ್ನು ಕೇಳುವುದಿಲ್ಲ, ಹೇಳಿದ್ದಷ್ಟು ಮಾಡಿ ಎನ್ನುತ್ತಾನೆ. ಆದರೆ ಪವಿತ್ರ ಕುರ್‌ಆನ್‌ನ ಆಲಿ ಇಮ್ರಾನ್ ಅಧ್ಯಾಯದ 159ನೇ ಸೂಕ್ತದ ಆಶಯವನ್ನು ನೋಡಿ. ತಾವು ಅವರೊಂದಿಗೆ ಮೃದುವಾಗಿರುವುದು ಅಲ್ಲಾಹನ ಕೃಪೆಯಿಂದ ಎಂದು ಅದು ಪ್ರವಾದಿ(ಸ)ರಿಗೆ ತಿಳಿಸುತ್ತದೆ. ಕಠೋರ ಹೃದಯವಿದ್ದಿದ್ದರೆ ಸುತ್ತಲಿನ ಜನ ಚದುರಿಹೋಗುತ್ತಿದ್ದರೆಂದು ನೆನಪಿಸುತ್ತದೆ. ಅವರನ್ನು ಕ್ಷಮಿಸಲು, ಅವರಿಗಾಗಿ ಪ್ರಾರ್ಥಿಸಲು, ಮುಂದೆಯೂ ಅವರೊಂದಿಗೆ ಸಮಾಲೋಚನೆ ನಡೆಸಲು ಆದೇಶಿಸುತ್ತದೆ. ಸಮಾಲೋಚನೆಯ ಬಳಿಕವೇ ಸೋಲಾದದ್ದು, ಆದರೂ ಸಮಾಲೋಚನೆಯನ್ನು ನಿಲ್ಲಿಸಬೇಡಿ ಎಂಬ ಆಜ್ಞೆ! ಆದೇಶ ಮುರಿದದ್ದು ತಪ್ಪೆಂದು ಕುರ್‌ಆನ್ ಸ್ಪಷ್ಟವಾಗಿಯೇ ಹೇಳಿದೆ, ಮುಚ್ಚಿಡಲಿಲ್ಲ. ಆದರೆ ತಪ್ಪು ಮಾಡಿದವರನ್ನು ತಂಡದಿಂದ ಹೊರಗೆ ಹಾಕಲಿಲ್ಲ.

ಬಾಲಕನಾಗಿ ಪ್ರವಾದಿ(ಸ)ರ ಸೇವೆಗೆ ಬಂದ ಅನಸ್(ರ) ಹತ್ತು ವರ್ಷ ಅವರ ಜೊತೆಗಿದ್ದರು. ಮಾಡಿದ ಕೆಲಸಕ್ಕೆ ಯಾಕೆ ಮಾಡಿದೆ ಎಂದಾಗಲಿ, ಮಾಡದ ಕೆಲಸಕ್ಕೆ ಯಾಕೆ ಮಾಡಲಿಲ್ಲ ಎಂದಾಗಲಿ ಒಮ್ಮೆಯೂ ಗದರಿಸಿಲ್ಲವೆಂದು ಅವರೇ ಹೇಳಿದ್ದಾರೆ. ಆ ಬಾಲಕ ಮುಂದೆ ಸಾವಿರಾರು ಹದೀಸ್‌ಗಳನ್ನು ಸಮುದಾಯಕ್ಕೆ ದಾಟಿಸಿದ ವಿದ್ವಾಂಸರಾದರು.

ಓದುಗರೇ, ಈಗ ನಮ್ಮ ಮನೆಗಳ ಕಡೆ ನೋಡೋಣ. 8 ವರ್ಷದ ಮಗ ನಿಮ್ಮ ದನಿಗೆ ಹೆದರುತ್ತಾನೆ. ನೀವು ಕಾಲೇಜು ಕೋಚ್‌ನಂತೆ ಪುಟ್ಟ ರಾಜ. 16 ದಾಟಿತೆಂದರೆ ಅವನು ವೃತ್ತಿಪರ ಆಟಗಾರನ ಹಾಗೆ. ನಿಮ್ಮ ಮಾತು ಕೇಳಲೇಬೇಕಾದ ಭಯ ಅವನಿಗಿಲ್ಲ. ಆದರೆ ನಾವು ಹಳೆಯ ದನಿಯನ್ನೇ ಇನ್ನಷ್ಟು ಏರಿಸುತ್ತೇವೆ. ಮದ್ರಸದಲ್ಲಿ ಕಲಿಸುವ ನಮ್ಮಂಥವರು ಇದನ್ನು ದಿನವೂ ಕಾಣುತ್ತೇವೆ. ಐದನೇ ತರಗತಿಯವರೆಗೆ ಬೆತ್ತ ಕಂಡು ಪಾಠ ಒಪ್ಪಿಸಿದ ಹುಡುಗ, ಹತ್ತನೇ ತರಗತಿಗೆ ಬಂದಾಗ ಉಸ್ತಾದರನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಾನೆ. ಸಲಾಮ್ ಹೇಳಲು ಓಡಿಬರುವವನು, ಹಿಂದೆ ಜ್ವರ ಬಂದಾಗ ಮನೆಗೆ ಹೋಗಿ ವಿಚಾರಿಸಿದ ಉಸ್ತಾದರ ಶಿಷ್ಯ. ಇಬ್ಬರೂ ಕಲಿಸಿದ್ದು ಅದೇ ಪಾಠವನ್ನೇ.

ಗಲ್ಫ್‌ನಲ್ಲಿರುವ ತಂದೆಯರಿಗೂ ಒಂದು ಮಾತು. ವಾರಕ್ಕೊಮ್ಮೆ ಫೋನ್ ಮಾಡಿ ನಮಾಝ್ ಮಾಡಿದೆಯಾ, ಮಾರ್ಕ್ ಎಷ್ಟು ಬಂತು ಎಂದು ಮಾತ್ರ ಕೇಳಿದರೆ ಅದು ಅಂಕಪಟ್ಟಿ ನೋಡುವ ತಂಡದ ಮಾಲೀಕನ ಮಾತಾಗುತ್ತದೆ. ಇವತ್ತು ಏನು ತಿಂದೆ, ಯಾರ ಜೊತೆ ಆಡಿದೆ, ಉಮ್ಮಾಗೆ ತಲೆನೋವು ಹೇಗಿದೆ ಎಂದೂ ಕೇಳಿ. ರಜೆಯಲ್ಲಿ ಊರಿಗೆ ಬಂದಾಗ ಮೊದಲ ದಿನವೇ ತಪ್ಪುಗಳ ಪಟ್ಟಿ ಬಿಚ್ಚಬೇಡಿ. ಮೊದಲು ಊಟ, ಆಮೇಲೆ ಪಾಠ.

ಮಕ್ಕಳನ್ನು ತಿದ್ದಲೇಬಾರದು ಎಂದು ಇದರ ಅರ್ಥವಲ್ಲ. ಗುಡ್ಡದ ಮೇಲಿನವರಿಗೆ ಕದಲಬೇಡಿ ಎಂದು ಹೇಳಲೇಬೇಕು. ಕದಲಿದರೆ ತಪ್ಪೆಂದೂ ಹೇಳಬೇಕು. ಆದರೆ ಪರೀಕ್ಷೆಯಲ್ಲಿ ಅನುತ್ತೀರ್ಣನಾಗಿ ಬಂದ ದಿನ, ಕೆಲಸ ಕಳೆದುಕೊಂಡು ಬಂದ ದಿನ, ತಲಾಖ್ ಆಗಿ ಮಗಳು ತವರಿಗೆ ಮರಳಿದ ದಿನ ಅವರು ಬಾಗಿಲು ತಟ್ಟುವಾಗ ಒಳಗೆ ಯಾವ ದನಿ ಕೇಳಿಸುತ್ತದೆ? ನಾನು ಆಗಲೇ ಹೇಳಿದ್ದೆ ಎಂಬ ದನಿಯೇ, ಬಾ ಊಟ ಮಾಡು ಎಂಬ ದನಿಯೇ?

ಸೋಲುವ ಕೋಚ್‌ಗೆ ಆಟ ತಿಳಿದಿರುತ್ತದೆ. ಎದುರಿಗಿರುವವನು ಬೆಳೆದಿದ್ದಾನೆಂಬುದು ತಿಳಿದಿರುವುದಿಲ್ಲ. ನಿಮ್ಮ ಮನೆಯಲ್ಲಿ ಯಾರು ಬೆಳೆದಿದ್ದಾರೆ ಎಂದು ಇಂದು ರಾತ್ರಿ ಊಟದ ಹೊತ್ತಿಗೆ ಒಮ್ಮೆ ಕಣ್ಣೆತ್ತಿ ನೋಡಿ. ಅಲ್ಲಾಹನು ನಮ್ಮ ನಾಲಿಗೆಗೆ ಮೃದುತ್ವವನ್ನು, ನಮ್ಮ ಮಕ್ಕಳಿಗೆ ಒಳಿತನ್ನು ದಯಪಾಲಿಸಲಿ. ಆಮೀನ್.